ಕಾಲಿಗೆ ಆಸರೆಯಾದವನು

ಎಳೆಯ ಗಿಡವೊಂದು ವಾಲಿ ಬೆಳೆಯುತ್ತಿದ್ದರೆ ತೋಟಗಾರನು ಅದರ ಪಕ್ಕದಲ್ಲಿ ಗೂಟವೊಂದನ್ನು ನೆಟ್ಟು, ಗಿಡವನ್ನು ಅದಕ್ಕೆ ಮೆತ್ತಗೆ ಕಟ್ಟುತ್ತಾನೆ. ಗೂಟವು ಗಿಡವನ್ನು ಬೆಳೆಸುವುದಿಲ್ಲ. ಬೆಳೆಯುವ ಕೆಲಸ ಗಿಡದ್ದೇ. ಆದರೆ ಅದು ಗಾಳಿಗೆ ಮುರಿಯದಂತೆ, ಬಾಗಿದಂತೆಯೇ ಬಲಿಯದಂತೆ ಗೂಟವು ಕೆಲವು ಕಾಲ ಕಾಪಾಡುತ್ತದೆ. ಫ್ರಾನ್ಸ್ ದೇಶದ ವೈದ್ಯ ನಿಕೊಲಾ ಆಂದ್ರಿ ಎಂಬಾತನು ಮಕ್ಕಳ ಅಂಗಗಳ ಡೊಂಕನ್ನು ತಡೆಯುವ ಹಾಗೂ ತಿದ್ದುವ ಬಗೆಯನ್ನು ಕುರಿತು 1741ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಡೊಂಕು ಮರವನ್ನು ನೆಟ್ಟನೆಯ ಗೂಟಕ್ಕೆ ಹಗ್ಗದಿಂದ ಬಿಗಿದಿರುವ ಚಿತ್ರವೊಂದು ಅದರಲ್ಲಿದೆ. ಮೂಳೆ ಮತ್ತು ಕೀಲುಗಳ ವೈದ್ಯಶಾಸ್ತ್ರಕ್ಕೆ ಇಂದಿಗೂ ಆ ಚಿತ್ರವೇ ಲಾಂಛನ.

ಆ ಚಿತ್ರ ಸೂಚಿಸುವ ತತ್ತ್ವವನ್ನು ಮನುಷ್ಯನ ಕಾಲಿಗೆ ಅಳವಡಿಸುವುದಕ್ಕಾಗಿ ತನ್ನ ಜೀವಮಾನವನ್ನೇ ಸವೆಸಿದವನು ಹ್ಯೂ ಓವನ್ ಥಾಮಸ್. ಆತನು ದೊಡ್ಡ ಆಸ್ಪತ್ರೆಯ ಅಧಿಕಾರಿಯಾಗಿರಲಿಲ್ಲ; ವಿಶ್ವವಿದ್ಯಾಲಯದ ಪ್ರಾಧ್ಯಾಪಕನೂ ಆಗಿರಲಿಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನಲ್ಲಿ ಕೂಲಿಕಾರರ ನಡುವೆ ಬಾಳಿದ ಸಾಮಾನ್ಯ ವೈದ್ಯನಾಗಿದ್ದನು. ಆದರೂ ಆತನ ಹೆಸರನ್ನು ತಿಳಿಯದ ಮೂಳೆವೈದ್ಯರು ಇಂದು ಜಗತ್ತಿನಲ್ಲಿಯೇ ಇಲ್ಲವೆನ್ನಬಹುದು.

ಥಾಮಸ್‌ನ ಮನೆತನದ ಕಥೆ ಸಮುದ್ರದಿಂದ ಆರಂಭವಾಗುತ್ತದೆ. ವೇಲ್ಸ್ ನಾಡಿನ ವಾಯವ್ಯಕ್ಕೆ ಆಂಗ್ಲ್‌ಸೀ ಎಂಬ ದ್ವೀಪವಿದೆ. ಹದಿನೆಂಟನೆಯ ಶತಮಾನದ ನಡುಗಾಲದಲ್ಲಿ ಆ ದ್ವೀಪದ ಕರಾವಳಿಯ ಬಳಿ ಹಡಗೊಂದು ಒಡೆದುಹೋಯಿತು. ಅದರಿಂದ ಬದುಕಿ ಬಂದ ಒಬ್ಬ ಹುಡುಗನನ್ನು ದ್ವೀಪದ ಜನರು ಸಾಕಿಕೊಂಡರು. ಅವನಾಡುವ ಮಾತು ಅಲ್ಲಿಯ ಯಾರಿಗೂ ತಿಳಿಯದು. ಅವನ ಊರು ಯಾವುದೆಂಬುದೂ ತಿಳಿಯದು. ಅವನಿಗೆ ಈವನ್ ಥಾಮಸ್ ಎಂದು ಹೆಸರಿಟ್ಟರು. ಮುರಿದ ಮೂಳೆಯನ್ನು ಕೂಡಿಸುವುದರಲ್ಲಿ, ತಪ್ಪಿದ ಕೀಲನ್ನು ಸ್ವಸ್ಥಾನಕ್ಕೆ ತರುವುದರಲ್ಲಿ ಆ ಹುಡುಗನ ಕೈಗೆ ಅಪೂರ್ವವಾದ ಗುಣವಿತ್ತು. ಮೊದಲು ದನಕರುಗಳಿಗೆ, ಅನಂತರ ಮನುಷ್ಯರಿಗೆ ಅವನು ಚಿಕಿತ್ಸೆ ಮಾಡತೊಡಗಿದನು. ಆ ವಿದ್ಯೆ ಅವನ ಮಕ್ಕಳಿಗೂ ಮೊಮ್ಮಕ್ಕಳಿಗೂ ಇಳಿದು ಬಂದಿತು. ನಮ್ಮ ಹಳ್ಳಿಗಳಲ್ಲಿ ಬಿದಿರಿನ ದಬ್ಬೆ ಕಟ್ಟಿ ಮೂಳೆ ಕೂಡಿಸುವ ನಾಟಿವೈದ್ಯರ ಮನೆತನಗಳು ಇರುವಂತೆ, ಆಂಗ್ಲ್‌ಸೀಯಲ್ಲಿ ಥಾಮಸ್ ಮನೆತನವು ಹೆಸರಾಯಿತು.

ಹ್ಯೂ ಓವನ್ ಥಾಮಸ್‌ನು ಈ ಮನೆತನದಲ್ಲಿ 1834ರ ಆಗಸ್ಟ್ ತಿಂಗಳಿನಲ್ಲಿ ಹುಟ್ಟಿದನು. ಅವನ ತಂದೆಯ ಹೆಸರೂ ಈವನ್ ಥಾಮಸ್. ತಂದೆಯು ತಾರುಣ್ಯದಲ್ಲಿಯೇ ಲಿವರ್‌ಪೂಲಿಗೆ ಬಂದು ಮೂಳೆ ಕಟ್ಟುವ ವೃತ್ತಿಯನ್ನು ಕೈಗೊಂಡಿದ್ದನು. ಬಂದರಿನ ಕೂಲಿಗಳು, ನಾವಿಕರು, ಕಾರ್ಖಾನೆಯ ಕಾರ್ಮಿಕರು ಅವನ ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದರು. ಆದರೆ ಅವನು ವೈದ್ಯ ಪದವಿಯನ್ನು ಪಡೆದವನಲ್ಲ. ಪದವೀಧರರಾದ ವೈದ್ಯರಿಗೆ ಅವನ ಖ್ಯಾತಿಯನ್ನು ಸಹಿಸುವುದು ಕಷ್ಟವಾಯಿತು. ಅವನ ಮೇಲೆ ಮತ್ತೆ ಮತ್ತೆ ಮೊಕದ್ದಮೆಗಳು ಬಂದವು. ನ್ಯಾಯಾಲಯಗಳಲ್ಲಿ ಅವನು ಗೆದ್ದು ಬಂದರೂ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ತಾನು ಉಂಡ ಅವಮಾನವನ್ನು ತನ್ನ ಮಕ್ಕಳು ಉಣ್ಣಬಾರದೆಂದು ಅವನು ನಿಶ್ಚಯಿಸಿದನು. ತನ್ನ ಐವರು ಗಂಡುಮಕ್ಕಳನ್ನೂ ವೈದ್ಯವಿದ್ಯೆಯನ್ನು ಕ್ರಮವಾಗಿ ಕಲಿಯಲು ಕಳುಹಿಸಿದನು. ಐವರೂ ವೈದ್ಯರಾದರು. ಅವರಲ್ಲಿ ಹಿರಿಯವನೇ ಹ್ಯೂ.

ಹ್ಯೂ ಬಾಲ್ಯದಲ್ಲಿ ಬಹಳ ನಿಶ್ಶಕ್ತನಾಗಿದ್ದನು. ಬಂದರಿನ ಹೊಗೆಗಾಳಿ ಅವನಿಗೆ ಹಿತವಲ್ಲವೆಂದು ಹಲವು ವರ್ಷಗಳ ಕಾಲ ಅಜ್ಜ ಅಜ್ಜಿಯರ ಬಳಿ ದ್ವೀಪದಲ್ಲಿಯೇ ಬೆಳೆಸಿದರು. ಹುಡುಗರ ಆಟದಲ್ಲಿ ಒಮ್ಮೆ ಬಿದ್ದ ಕಲ್ಲಿನ ಪೆಟ್ಟಿನಿಂದ ಅವನ ಒಂದು ಕಣ್ಣಿನ ರೆಪ್ಪೆ ಊನವಾಯಿತು. ಆ ಕಣ್ಣನ್ನು ಮರೆಮಾಡಲು ಅವನು ಮುಂದೆ ಜೀವನದುದ್ದಕ್ಕೂ ಟೋಪಿಯ ಅಂಚನ್ನು ಕೆಳಕ್ಕೆಳೆದು ಧರಿಸುತ್ತಿದ್ದನು. ಕುಳ್ಳನೆಯ ಮೈಕಟ್ಟು, ಕೃಶವಾದ ಶರೀರ, ಕುತ್ತಿಗೆಯವರೆಗೆ ಗುಂಡಿ ಹಾಕಿದ ಕರಿಯ ಕೋಟು, ವಾರೆಯಾಗಿ ಇಳಿದ ಟೋಪಿ: ಇದು ಲಿವರ್‌ಪೂಲಿನ ಬಡಜನರಿಗೆ ಚಿರಪರಿಚಿತವಾದ ಆಕೃತಿಯಾಯಿತು.

ಥಾಮಸ್‌ನು ಮೊದಲು ವೈದ್ಯನಾಗಿದ್ದ ತನ್ನ ಸೋದರಮಾವನ ಬಳಿ ನಾಲ್ಕು ವರ್ಷ ಶಿಷ್ಯವೃತ್ತಿ ಮಾಡಿದನು. ಅನಂತರ ಎಡಿನ್‌ಬರೊದಲ್ಲಿಯೂ ಲಂಡನ್ನಿನಲ್ಲಿಯೂ ಓದಿ, 1857ರಲ್ಲಿ ಶಸ್ತ್ರವೈದ್ಯನೆಂಬ ಅರ್ಹತೆಯನ್ನು ಪಡೆದನು. ಊರಿಗೆ ಮರಳಿ ತಂದೆಯೊಡನೆ ಕೆಲಸ ಮಾಡಲು ತೊಡಗಿದನಾದರೂ ಅದು ಬಹುಕಾಲ ನಡೆಯಲಿಲ್ಲ. ತಂದೆಯದು ಅನುಭವದ ಮಾರ್ಗ. ಮಗನದು ಪ್ರತಿಯೊಂದಕ್ಕೂ ಕಾರಣವನ್ನು ಕೇಳುವ ಮಾರ್ಗ. ಇಬ್ಬರದೂ ಬಗ್ಗದ ಸ್ವಭಾವ. ಸ್ವಲ್ಪ ಕಾಲದಲ್ಲಿಯೇ ಮಗನು ಬೇರೆಯಾಗಿ, ಬಂದರಿಗೆ ಸಮೀಪದ ಬಡಾವಣೆಯಲ್ಲಿ ತನ್ನದೇ ಚಿಕಿತ್ಸಾಲಯವನ್ನು ತೆರೆದನು. ಮುಂದೆ ನೆಲ್ಸನ್ ಬೀದಿಯ 11ನೆಯ ನಂಬರಿನ ಮನೆ ಅವನ ಕರ್ಮಭೂಮಿಯಾಯಿತು. ಆದರೂ ತಂದೆಯಿಂದ ಬಂದ ಕೈಚಳಕವನ್ನು ಅವನು ತೊರೆಯಲಿಲ್ಲ. ಮನೆತನದ ಕೈಯ ಜಾಣ್ಮೆಗೆ ಶಾಸ್ತ್ರದ ಕಣ್ಣು ಕೂಡಿದುದೇ ಅವನ ಹಿರಿಮೆಗೆ ಕಾರಣವಾಯಿತು.

ಆ ಕಾಲದಲ್ಲಿ ಕಾಲಿನ ರೋಗಗಳಿಗೆ ನಡೆಯುತ್ತಿದ್ದ ಚಿಕಿತ್ಸೆಯನ್ನು ನೆನೆದರೆ ಮೈ ನಡುಗುತ್ತದೆ. ಕ್ಷಯರೋಗವು ಶ್ವಾಸಕೋಶಗಳನ್ನು ಮಾತ್ರವೇ ಹಿಡಿಯುವುದಿಲ್ಲ. ಮೂಳೆ ಮತ್ತು ಕೀಲುಗಳಲ್ಲಿಯೂ ಸೇರಿಕೊಳ್ಳುತ್ತದೆ. ಸೊಂಟದ ಕೀಲಿಗೋ ಮೊಣಕಾಲಿಗೋ ಕ್ಷಯ ತಗುಲಿದ ಮಕ್ಕಳು ಇಂಗ್ಲೆಂಡಿನ ಬಡ ಬೀದಿಗಳಲ್ಲಿ ಬಹು ಸಂಖ್ಯೆಯಲ್ಲಿದ್ದರು. ಕೀಲು ಊದಿಕೊಳ್ಳುತ್ತಿತ್ತು, ನೋವಿನಿಂದ ಕಾಲು ಮಡಚಿಕೊಳ್ಳುತ್ತಿತ್ತು, ಕೀವು ಸೋರುತ್ತಿತ್ತು. ವೈದ್ಯರು ಚರ್ಮದ ಮೇಲೆ ಬೊಕ್ಕೆ ಏಳಿಸುವ ಔಷಧಗಳನ್ನು ಹಚ್ಚುತ್ತಿದ್ದರು. ಅದರಿಂದ ಗುಣವಾಗದಿದ್ದರೆ ಕೀಲನ್ನೇ ಕೊರೆದು ತೆಗೆಯುತ್ತಿದ್ದರು. ಕೊನೆಗೆ ಕಾಲನ್ನೇ ಕತ್ತರಿಸುತ್ತಿದ್ದರು. ಅನೇಕರು ಆ ಶಸ್ತ್ರಕ್ರಿಯೆಯಿಂದಲೇ ಸಾಯುತ್ತಿದ್ದರು. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಖ್‌ನು ಕಂಡುಹಿಡಿದುದು 1882ರಲ್ಲಿ. ಅದನ್ನು ಕೊಲ್ಲುವ ಔಷಧಗಳು ಬಂದುದು ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ. ಥಾಮಸ್‌ನ ಕೈಯಲ್ಲಿ ಅಂಥ ಯಾವ ಅಸ್ತ್ರವೂ ಇರಲಿಲ್ಲ.

ಅವನು ಬೇರೊಂದು ಬಗೆಯಲ್ಲಿ ಯೋಚಿಸಿದನು. ಗಾಯವಾದ ಕೈಯನ್ನು ನಾವು ತಾನಾಗಿಯೇ ಅಲುಗಾಡಿಸದೆ ಇಟ್ಟುಕೊಳ್ಳುತ್ತೇವೆ. ಹಾಗೆಯೇ ರೋಗ ಹಿಡಿದ ಕೀಲಿಗೂ ಬೇಕಾದುದು ವಿಶ್ರಾಂತಿ. ಆದರೆ ಕಾಲಿಗೆ ವಿಶ್ರಾಂತಿ ಕೊಡುವುದು ಕೈಗೆ ಕೊಟ್ಟಷ್ಟು ಸುಲಭವಲ್ಲ. ಎದ್ದು ನಿಂತ ಕೂಡಲೇ ದೇಹದ ಭಾರವೆಲ್ಲ ಕಾಲಿನ ಮೇಲೆ ಬೀಳುತ್ತದೆ. ಒಂದೊಂದು ಹೆಜ್ಜೆಗೂ ಕೀಲು ತಿಕ್ಕುತ್ತದೆ. ಹಾಸಿಗೆಯಲ್ಲಿ ಮಲಗಿಸಿದರೂ ರೋಗಿ ಹೊರಳುವಾಗ ಕಾಲು ಅಲುಗುತ್ತದೆ. ಅಲ್ಲದೆ ಕೂಲಿ ಮಾಡಿ ಬದುಕುವವನು ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಮಲಗಿದರೆ ಮನೆಯ ಒಲೆ ಉರಿಯುವುದು ಹೇಗೆ? ಆದುದರಿಂದ ಮನುಷ್ಯನು ನಡೆದಾಡುತ್ತಿರಬೇಕು, ಅವನ ಕೀಲು ಮಾತ್ರ ವಿಶ್ರಮಿಸುತ್ತಿರಬೇಕು. ಈ ಕಠಿನವಾದ ಸಮಸ್ಯೆಗೆ ಥಾಮಸ್‌ನು ಉತ್ತರವನ್ನು ಹುಡುಕತೊಡಗಿದನು.

ಉತ್ತರವು ದೊರೆತುದು ಔಷಧದ ಸೀಸೆಯಲ್ಲಲ್ಲ, ಕಮ್ಮಾರನ ಕುಲುಮೆಯಲ್ಲಿ. ಥಾಮಸ್‌ನು ತನ್ನ ಮನೆಯಲ್ಲಿಯೇ ಒಂದು ಕಾರ್ಯಾಗಾರವನ್ನು ಏರ್ಪಡಿಸಿದನು. ಅಲ್ಲಿ ಒಬ್ಬ ಕಮ್ಮಾರನೂ ಚರ್ಮದ ಜೀನು ಹೊಲಿಯುವ ಒಬ್ಬ ಕೆಲಸಗಾರನೂ ಇದ್ದರು. ಕಬ್ಬಿಣವನ್ನು ಬಾಗಿಸುವ, ಚರ್ಮವನ್ನು ಹೊಲಿಯುವ ಕೆಲಸವನ್ನು ವೈದ್ಯನೂ ಬಲ್ಲವನಾಗಿದ್ದನು. ರೋಗಿಯ ಅಳತೆಯನ್ನು ತೆಗೆದುಕೊಂಡು ಅವನು ಕುಳಿತಿರುವಾಗಲೇ ಆಸರೆಯನ್ನು ಸಿದ್ಧಪಡಿಸಿ, ತೊಡಿಸಿ, ಒತ್ತುವ ಕಡೆ ತಿದ್ದುವ ಸೌಕರ್ಯ ಅಲ್ಲಿತ್ತು.

ಆ ಕಾರ್ಯಾಗಾರದಲ್ಲಿ ರೂಪುಗೊಂಡ ಸಾಧನಗಳಲ್ಲಿ ಮುಖ್ಯವಾದುದು ಮೊಣಕಾಲಿನ ಆಸರೆ. ಅದರ ರಚನೆ ಬಹು ಸರಳ. ತೊಡೆಯ ಬುಡವನ್ನು ಸುತ್ತುವ, ಮೊಟ್ಟೆಯಾಕಾರದ ಒಂದು ಕಬ್ಬಿಣದ ಬಳೆ. ಅದಕ್ಕೆ ಮೆತ್ತೆಯನ್ನಿಟ್ಟು ಚರ್ಮ ಹೊಲಿದಿರುತ್ತದೆ. ಆ ಬಳೆಯಿಂದ ಕಾಲಿನ ಒಳಬದಿಗೊಂದು, ಹೊರಬದಿಗೊಂದು ಕಬ್ಬಿಣದ ಸರಳು ಇಳಿದು, ಪಾದಕ್ಕಿಂತ ಕೆಳಗೆ ಒಂದುಗೂಡುತ್ತವೆ. ಇಷ್ಟೇ. ಆದರೆ ಈ ಸರಳತೆಯ ಹಿಂದೆ ಆಳವಾದ ತಿಳಿವಳಿಕೆಯಿದೆ. ನಾವು ಗಟ್ಟಿಯಾದ ಮಣೆಯ ಮೇಲೆ ಕುಳಿತಾಗ ಪೃಷ್ಠದ ಕೆಳಗೆ ಎರಡು ಮೂಳೆಗಳು ಮಣೆಗೆ ಒತ್ತುವುದು ತಿಳಿಯುತ್ತದೆ. ಕುಳಿತಾಗ ದೇಹದ ಭಾರವನ್ನು ಹೊರುವವು ಆ ಮೂಳೆಗಳೇ. ಥಾಮಸ್‌ನ ಬಳೆ ಅಂಥ ಒಂದು ಮೂಳೆಗೆ ಆನಿಕೊಳ್ಳುತ್ತದೆ. ರೋಗಿ ನಿಂತಿದ್ದರೂ ಆ ಬದಿಯಲ್ಲಿ ಅವನು ಬಳೆಯ ಮೇಲೆ ಕುಳಿತಂತೆಯೇ. ದೇಹದ ಭಾರ ಆಸನದ ಮೂಳೆಯಿಂದ ಬಳೆಗೆ, ಬಳೆಯಿಂದ ಸರಳುಗಳಿಗೆ, ಸರಳುಗಳಿಂದ ನೆಲಕ್ಕೆ ಇಳಿಯುತ್ತದೆ. ನಡುವೆ ಇರುವ ರೋಗದ ಮೊಣಕಾಲಿಗೆ ಭಾರದ ಸೋಂಕೇ ಇಲ್ಲ.

ಈ ಆಸರೆಯನ್ನು ಥಾಮಸ್‌ನು ರೋಗದ ಹಂತಕ್ಕೆ ತಕ್ಕಂತೆ ಬದಲಿಸುತ್ತಿದ್ದನು. ನೋವು ಹೆಚ್ಚಾಗಿದ್ದಾಗ ರೋಗಿ ಅದನ್ನು ತೊಟ್ಟು ಮಲಗಿರಬೇಕು. ನೋವು ಇಳಿದ ಮೇಲೆ ಎದ್ದು ಕಂಕುಳುಗೋಲುಗಳ ಸಹಾಯದಿಂದ ನಡೆಯಬೇಕು. ಆಗ ಒಳ್ಳೆಯ ಕಾಲಿನ ಬೂಟಿಗೆ ಎತ್ತರದ ಕಬ್ಬಿಣದ ಅಟ್ಟೆಯನ್ನು ಹಾಕುತ್ತಿದ್ದನು. ಇದರಿಂದ ರೋಗದ ಕಾಲು ನೆಲಕ್ಕೆ ತಾಗದೆ ತೂಗಾಡುತ್ತಿತ್ತು. ಇನ್ನಷ್ಟು ಗುಣವಾದ ಮೇಲೆ ಸರಳುಗಳನ್ನು ಗಿಡ್ಡಗೊಳಿಸಿ, ಅವುಗಳ ತುದಿಗಳನ್ನು ಒಳಕ್ಕೆ ಬಾಗಿಸಿ, ಬೂಟಿನ ಹಿಮ್ಮಡಿಯಲ್ಲಿ ಮಾಡಿದ ರಂಧ್ರಗಳಿಗೆ ಸೇರಿಸುತ್ತಿದ್ದನು. ರೋಗಿ ಅದನ್ನು ತೊಟ್ಟು ನೆಲದ ಮೇಲೆ ಹೆಜ್ಜೆಯಿಟ್ಟು ಕೆಲಸಕ್ಕೆ ಹೋಗಬಹುದಾಗಿತ್ತು. ಕ್ಯಾಲಿಪರ್ ಎಂದು ಹೆಸರಾದ ಆಸರೆ ಇದೇ.

ಸೊಂಟದ ಕೀಲಿಗೆ ಬೇರೆ ಆಸರೆ ಬೇಕಾಯಿತು. ಬೆನ್ನಿನಿಂದ ಮೀನಖಂಡದವರೆಗೆ ದೇಹದ ಹಿಂಬದಿಗೆ ಒಪ್ಪುವಂತೆ ಬಾಗಿಸಿದ ಉದ್ದನೆಯ ಕಬ್ಬಿಣದ ಪಟ್ಟಿ, ಅದನ್ನು ಎದೆಗೂ ತೊಡೆಗೂ ಕಾಲಿಗೂ ಬಂಧಿಸುವ ಅಡ್ಡಪಟ್ಟಿಗಳು: ಇದು ಅದರ ಸ್ವರೂಪ. ಪಾದದ ಕಮಾನು ಕುಸಿದು ಚಪ್ಪಟೆಯಾದವರಿಗಾಗಿ ಅವನು ಬೂಟಿನ ಹಿಮ್ಮಡಿಯ ಒಳಬದಿಯನ್ನು ಮುಂದಕ್ಕೆ ಚಾಚಿ ಮಾಡಿಸಿದನು. ಅದಕ್ಕೆ ಥಾಮಸ್‌ನ ಹಿಮ್ಮಡಿ ಎಂದೇ ಹೆಸರು.

ಸೊಂಟದ ರೋಗವನ್ನು ಕಂಡುಹಿಡಿಯಲು ಅವನು ತೋರಿಸಿಕೊಟ್ಟ ಪರೀಕ್ಷೆಯೂ ಅಷ್ಟೇ ಸರಳವಾದುದು. ಸೊಂಟದ ಕೀಲು ರೋಗದಿಂದ ಬಾಗಿ ನಿಂತಿದ್ದರೂ, ರೋಗಿ ಅಂಗಾತ ಮಲಗಿದಾಗ ಬೆನ್ನನ್ನು ಕಮಾನಿನಂತೆ ಮೇಲೆತ್ತಿಕೊಳ್ಳುವುದರಿಂದ ಕಾಲು ನೆಟ್ಟಗಿರುವಂತೆಯೇ ತೋರುತ್ತದೆ. ವೈದ್ಯನ ಕಣ್ಣು ಮೋಸಹೋಗುತ್ತದೆ. ಥಾಮಸ್‌ನು ರೋಗಿಯ ಒಳ್ಳೆಯ ಕಾಲನ್ನು ಮಡಚಿ ಮೊಣಕಾಲನ್ನು ಎದೆಗೆ ಒತ್ತಿಸುತ್ತಿದ್ದನು. ಬೆನ್ನು ಹಾಸಿಗೆಗೆ ಸಮವಾಗಿ ಕೂರುತ್ತಿತ್ತು; ಆ ಕೂಡಲೇ ರೋಗದ ತೊಡೆ ತಾನಾಗಿ ಮೇಲೇಳುತ್ತಿತ್ತು. ಅಡಗಿದ್ದ ಬಾಗು ಬಯಲಾಗುತ್ತಿತ್ತು. ಯಾವ ಯಂತ್ರದ ನೆರವೂ ಬೇಡದ ಈ ಪರೀಕ್ಷೆಯನ್ನು ವೈದ್ಯವಿದ್ಯಾರ್ಥಿಗಳು ಈಗಲೂ ಅವನ ಹೆಸರಿನಿಂದಲೇ ಕಲಿಯುತ್ತಾರೆ.

ಥಾಮಸ್‌ನ ದಿನಚರಿ ಕಠೋರವಾದುದು. ಬೆಳಗಿನ ಜಾವದಲ್ಲಿಯೇ ಕುದುರೆಗಾಡಿಯೇರಿ ರೋಗಿಗಳ ಮನೆಗಳಿಗೆ ಹೊರಟುಬಿಡುತ್ತಿದ್ದನು. ಅನಂತರ ಚಿಕಿತ್ಸಾಲಯದ ಕೆಲಸ, ಮತ್ತೆ ಮನೆಮನೆಗೆ ಭೇಟಿ, ರಾತ್ರಿ ಕಾರ್ಯಾಗಾರ. ಭಾನುವಾರ ಬಂದರೆ ಉಳಿದವರಿಗೆ ವಿರಾಮ; ಅವನಿಗೆ ವಿರಾಮವಿರಲಿಲ್ಲ. ಆ ದಿನ ಬಡವರಿಗೆ ಉಚಿತ ಚಿಕಿತ್ಸೆ. ದೂರದ ಊರುಗಳಿಂದ ತಂದೆತಾಯಿಗಳು ಕುಂಟುವ ಮಕ್ಕಳನ್ನು ಎತ್ತಿಕೊಂಡು ಬಂದು ನೆಲ್ಸನ್ ಬೀದಿಯಲ್ಲಿ ಕಾಯುತ್ತಿದ್ದರು. ಮಕ್ಕಳಿಲ್ಲದ ಥಾಮಸ್ ದಂಪತಿಗಳ ಮನೆ ಪರರ ಮಕ್ಕಳಿಂದ ತುಂಬಿರುತ್ತಿತ್ತು.

ಜನರು ಇಷ್ಟೊಂದು ಪ್ರೀತಿಸಿದರೂ ವೈದ್ಯರ ಸಮಾಜ ಅವನನ್ನು ಬಹುಕಾಲ ಹತ್ತಿರ ಸೇರಿಸಲಿಲ್ಲ. ಮೂಳೆ ಕಟ್ಟುವವನ ಮಗನೆಂಬ ತಾತ್ಸಾರ ಒಂದು ಕಡೆ. ಅವನ ಹರಿತವಾದ ನಾಲಗೆ ಇನ್ನೊಂದು ಕಡೆ. 1875ರಲ್ಲಿ ಅವನು ಸೊಂಟ, ಮೊಣಕಾಲು ಮತ್ತು ಪಾದದ ಕೀಲುಗಳ ರೋಗಗಳನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿ, ತನ್ನ ಆಸರೆಗಳ ರಚನೆಯನ್ನೂ ಬಳಕೆಯನ್ನೂ ವಿವರಿಸಿದನು. ಆದರೆ ಅವನ ಬರವಣಿಗೆಯಲ್ಲಿ ಇತರ ವೈದ್ಯರ ಮೇಲಿನ ಕಟುವಾದ ಟೀಕೆ ತುಂಬಿತ್ತು, ಶೈಲಿಯೂ ಸುಲಭವಾಗಿರಲಿಲ್ಲ. ಹಿತವಾದ ಮಾತಿನಲ್ಲಿ ಹೇಳಿದ್ದರೆ ಬೇಗ ಹರಡಬಹುದಾಗಿದ್ದ ವಿಚಾರ, ಜಗಳದ ಧೂಳಿನಲ್ಲಿ ಮರೆಯಾಗಿ ಉಳಿಯಿತು. ಅಮೆರಿಕದಿಂದ ಬಂದ ಜಾನ್ ರಿಡ್ಲನ್ ಎಂಬ ತರುಣ ವೈದ್ಯನು ಮಾತ್ರ ಅವನ ವಿಧಾನಗಳನ್ನು ಕಣ್ಣಾರೆ ಕಂಡು ಮೆಚ್ಚಿ, ತನ್ನ ದೇಶದಲ್ಲಿ ಅವುಗಳನ್ನು ಪ್ರಚಾರ ಮಾಡಿದನು.

ಥಾಮಸ್‌ನ ನಿಜವಾದ ಉತ್ತರಾಧಿಕಾರಿ ಅವನ ಮನೆಯಲ್ಲಿಯೇ ಬೆಳೆಯುತ್ತಿದ್ದನು. ಪತ್ನಿಯ ಸೋದರನ ಮಗ ರಾಬರ್ಟ್ ಜೋನ್ಸ್ 1873ರಲ್ಲಿ ಹದಿನಾರು ವರ್ಷದ ಹುಡುಗನಾಗಿ ಆ ಮನೆಗೆ ಬಂದನು. ವೈದ್ಯವಿದ್ಯೆಯನ್ನು ಓದುತ್ತಲೇ ಮಾವನ ಬಳಿ ಸರಳು ಬಾಗಿಸುವುದನ್ನೂ ಪಟ್ಟಿ ಬಿಗಿಯುವುದನ್ನೂ ಕಲಿತನು. ಮಾವನಲ್ಲಿದ್ದ ಜ್ಞಾನವೂ ಶ್ರದ್ಧೆಯೂ ಅವನಿಗೆ ಬಂದವು. ಮಾವನಲ್ಲಿ ಇಲ್ಲದಿದ್ದ ಸೌಮ್ಯವಾದ ಮಾತೂ ಅವನಲ್ಲಿತ್ತು.

1891ರ ಜನವರಿಯ ಚಳಿಯಲ್ಲಿ ಥಾಮಸ್‌ನು ನ್ಯುಮೋನಿಯಾ ರೋಗಕ್ಕೆ ತುತ್ತಾದನು. ಸದಾ ದುಡಿದು ಸವೆದಿದ್ದ ಆ ದೇಹ ಬಹಳ ದಿನ ತಡೆಯಲಿಲ್ಲ. ಜನವರಿ 6ರಂದು ಅವನು ತೀರಿಕೊಂಡನು. ಆಗ ಅವನಿಗೆ 56 ವರ್ಷ. ಅಂತ್ಯಯಾತ್ರೆಯ ದಿನ ಸಾವಿರಾರು ಕೂಲಿಕಾರರು, ಹೆಂಗಸರು, ಮಕ್ಕಳು ಬೀದಿಗಳಲ್ಲಿ ನೆರೆದು ಕಣ್ಣೀರಿಟ್ಟರು. ಆ ಜನಸಂದಣಿಯಲ್ಲಿ ಅವನ ಆಸರೆಯಿಂದ ಎದ್ದು ನಡೆದವರು ಎಷ್ಟೋ ಮಂದಿ ಇದ್ದಿರಬೇಕು. ಆದರೆ ವೈದ್ಯಲೋಕ ಅವನನ್ನು ಗುರುತಿಸಲು ಇನ್ನೂ ಕಾಲು ಶತಮಾನ ಬೇಕಾಯಿತು. ಅದಕ್ಕೆ ಒಂದು ಮಹಾಯುದ್ಧವೇ ನಡೆಯಬೇಕಾಯಿತು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಗುಂಡಿನ ಏಟಿನಿಂದ ತೊಡೆಮೂಳೆ ಮುರಿದ ಸೈನಿಕರ ಪಾಡು ಘೋರವಾಗಿತ್ತು. ತೊಡೆಯ ಸ್ನಾಯುಗಳು ದೇಹದಲ್ಲಿಯೇ ಬಹು ಬಲವಾದವು. ಮೂಳೆ ಮುರಿದೊಡನೆ ಅವು ಸೆಳೆದು, ಮುರಿದ ತುದಿಗಳನ್ನು ಒಂದರ ಮೇಲೊಂದು ಏರಿಸುತ್ತವೆ. ಡೋಲಿಯಲ್ಲಿ ಹೊತ್ತೊಯ್ಯುವಾಗ ಒಂದೊಂದು ಕುಲುಕಿಗೂ ಆ ಚೂಪಾದ ತುದಿಗಳು ಮಾಂಸವನ್ನೂ ರಕ್ತನಾಳಗಳನ್ನೂ ಸೀಳುತ್ತವೆ. ರಕ್ತ ಸೋರಿ, ನೋವಿನಿಂದ ಕಂಗೆಟ್ಟು, ಆಸ್ಪತ್ರೆ ಸೇರುವ ಮೊದಲೇ ಅನೇಕರು ಸಾಯುತ್ತಿದ್ದರು. ಯುದ್ಧದ ಆರಂಭದಲ್ಲಿ ಇಂಥವರಲ್ಲಿ ನೂರಕ್ಕೆ 80 ಮಂದಿ ಸಾಯುತ್ತಿದ್ದರೆಂದು ಆ ಕಾಲದ ಶಸ್ತ್ರವೈದ್ಯರು ಅಂದಾಜು ಮಾಡಿದ್ದರು.

ಆ ವೇಳೆಗೆ ಪ್ರಖ್ಯಾತ ಶಸ್ತ್ರವೈದ್ಯನಾಗಿದ್ದ ರಾಬರ್ಟ್ ಜೋನ್ಸ್ ಸೈನ್ಯದ ವೈದ್ಯಸೇವೆಗೆ ಸೇರಿ, ಮಾವನ ಆಸರೆಯನ್ನು ಯುದ್ಧಭೂಮಿಗೆ ತಂದನು. ಮೊಣಕಾಲಿಗಾಗಿ ಹುಟ್ಟಿದ ಆ ಸಾಧನ ತೊಡೆಮೂಳೆಗೂ ಚೆನ್ನಾಗಿ ಒದಗಿತು. ಬಳೆಯನ್ನು ತೊಡೆಯ ಬುಡಕ್ಕೆ ಏರಿಸಿ, ಪಾದವನ್ನು ಕೆಳಕ್ಕೆ ಎಳೆದು ಸರಳುಗಳ ತುದಿಗೆ ಬಿಗಿದು ಕಟ್ಟಿದರೆ, ಮೇಲಿನಿಂದ ಬಳೆ ಒತ್ತುತ್ತದೆ, ಕೆಳಗಿನಿಂದ ಕಟ್ಟು ಎಳೆಯುತ್ತದೆ. ಮುರಿದ ಮೂಳೆ ಸಾಲಾಗಿ ನಿಲ್ಲುತ್ತದೆ. ಕುಲುಕಿದರೂ ತುದಿಗಳು ಇರಿಯುವುದಿಲ್ಲ. ಡೋಲಿ ಹೊರುವ ಸೈನಿಕರಿಗೆ ಕತ್ತಲಲ್ಲಿಯೂ ಇದನ್ನು ಕಟ್ಟಲು ಬರುವಂತೆ ಕಣ್ಣಿಗೆ ಬಟ್ಟೆ ಕಟ್ಟಿ ಅಭ್ಯಾಸ ಮಾಡಿಸಿದರು. ಬೂಟನ್ನೂ ಷರಾಯಿಯನ್ನೂ ಬಿಚ್ಚದೆ ಮೇಲೆಯೇ ಕಟ್ಟುತ್ತಿದ್ದರು. 1917ರಲ್ಲಿ ಫ್ರಾನ್ಸಿನ ಆರಾಸ್ ಬಳಿ ನಡೆದ ಕದನದಲ್ಲಿ ಹೀಗೆ ಗಾಯಗೊಂಡು ಚಿಕಿತ್ಸಾ ಶಿಬಿರಗಳಿಗೆ ಬಂದ ಸಾವಿರಕ್ಕೂ ಮೇಲ್ಪಟ್ಟ ಸೈನಿಕರಲ್ಲಿ ಅಲ್ಲಿ ಸತ್ತವರು ನೂರಕ್ಕೆ 16ಕ್ಕಿಂತ ಕಡಿಮೆ. ಶಸ್ತ್ರಕ್ರಿಯೆಯ ಸುಧಾರಣೆಯೂ, ಚಿಕಿತ್ಸೆ ಬೇಗನೆ ದೊರೆತುದೂ ಇದಕ್ಕೆ ನೆರವಾದುವು ನಿಜ. ಆದರೆ ಗಾಯಾಳುವನ್ನು ಜೀವಂತವಾಗಿ ಶಸ್ತ್ರವೈದ್ಯನ ಬಳಿಗೆ ತಲುಪಿಸಿದುದರಲ್ಲಿ ಥಾಮಸ್‌ನ ಬಳೆ ಮತ್ತು ಸರಳುಗಳ ಪಾತ್ರ ದೊಡ್ಡದು. ಬದುಕಿರುವಾಗ ಯಾವ ಆಸ್ಪತ್ರೆಯೂ ಹುದ್ದೆಯನ್ನು ಕೊಡದಿದ್ದ ವೈದ್ಯನ ಹೆಸರು ಈಗ ಸೈನಿಕರೆಲ್ಲರ ಬಾಯಲ್ಲಿ ನಿಂತಿತು.

ಯುದ್ಧ ಮುಗಿದ ಮೇಲೆಯೂ ಥಾಮಸ್‌ನ ಕೆಲಸ ಮುಗಿಯಲಿಲ್ಲ. ಪೋಲಿಯೊ ಎಂಬ ಪಿಡುಗು ಇಪ್ಪತ್ತನೆಯ ಶತಮಾನದಲ್ಲಿ ಲೋಕದ ಅಸಂಖ್ಯ ಮಕ್ಕಳ ಕಾಲುಗಳ ಬಲವನ್ನು ಹೀರಿತು. ಆ ರೋಗದಲ್ಲಿ ಮೂಳೆ ಮುರಿದಿರುವುದಿಲ್ಲ, ಕೀಲು ಕೊಳೆತಿರುವುದಿಲ್ಲ. ಸ್ನಾಯುಗಳಿಗೆ ಆಜ್ಞೆ ನೀಡುವ ನರಕೋಶಗಳು ಸತ್ತಿರುತ್ತವೆ. ತೊಡೆಯ ಮುಂಭಾಗದ ಸ್ನಾಯು ಸೋತರೆ, ನಿಂತಾಗ ಮೊಣಕಾಲು ಮುಂದಕ್ಕೆ ಮಡಚಿ ಮಗು ಕುಸಿದು ಬೀಳುತ್ತದೆ. ಅಂಥ ಕಾಲಿಗೆ ಕ್ಯಾಲಿಪರ್ ಬೇರೊಂದು ರೀತಿಯಲ್ಲಿ ಉಪಕಾರ ಮಾಡುತ್ತದೆ. ಬಾಗಿದ ಕಡ್ಡಿಯನ್ನು ನೆಟ್ಟಗೆ ಮಾಡಬೇಕಾದರೆ ನಾವು ಎರಡು ತುದಿಗಳನ್ನು ಬೆರಳುಗಳಿಂದ ಹಿಡಿದು ನಡುವೆ ಹೆಬ್ಬೆರಳಿನಿಂದ ಒತ್ತುತ್ತೇವೆ. ಕ್ಯಾಲಿಪರ್ ಮಾಡುವುದೂ ಅದನ್ನೇ. ತೊಡೆಯ ಹಿಂಬದಿಯಲ್ಲಿ ಬಳೆ, ಕೆಳಗೆ ಬೂಟು, ನಡುವೆ ಮೊಣಕಾಲಿನ ಮುಂದೆ ಚರ್ಮದ ಮೆತ್ತೆ: ಈ ಮೂರು ಕಡೆಯ ಒತ್ತಡದಿಂದ ಕಾಲು ನೆಟ್ಟಗೆ ನಿಲ್ಲುತ್ತದೆ. ಕುಳಿತುಕೊಳ್ಳಬೇಕಾದಾಗ ಬಿಡಿಸಿಕೊಳ್ಳಲು, ಎದ್ದಾಗ ಮತ್ತೆ ಭದ್ರಪಡಿಸಲು ಮೊಣಕಾಲಿನ ಎಡೆಯಲ್ಲಿ ಚಿಲಕವಿರುವ ಕ್ಯಾಲಿಪರುಗಳೂ ಬಂದವು.

ನಮ್ಮ ದೇಶದ ಊರೂರುಗಳಲ್ಲಿಯೂ ಪೋಲಿಯೊ ಬಾಧಿತರಾದ ಮಕ್ಕಳು ಇಂಥ ಆಸರೆಯನ್ನು ತೊಟ್ಟು, ಕಬ್ಬಿಣದ ಸದ್ದು ಮಾಡುತ್ತ ಶಾಲೆಗೆ ಹೋಗುತ್ತಿದ್ದರು. ಆ ಸದ್ದು ಅವರ ಸೋಲಿನ ಸದ್ದಲ್ಲ; ತಮ್ಮ ಕಾಲ ಮೇಲೆ ತಾವು ನಿಂತವರ ಸದ್ದು. ಲಸಿಕೆಯ ಫಲವಾಗಿ ಭಾರತದಲ್ಲಿ ಕಾಡುಪೋಲಿಯೊದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಕಂಡುಬಂದಿತು. 2014ರ ಮಾರ್ಚ್‌ನಲ್ಲಿ ದೇಶ ಅದರಿಂದ ಮುಕ್ತವಾಯಿತೆಂದು ಪ್ರಮಾಣಪತ್ರ ದೊರೆಯಿತು. ಆದರೂ ಆಸರೆಯ ಅಗತ್ಯ ಅಳಿದಿಲ್ಲ. ಪಾರ್ಶ್ವವಾಯುವಿನಿಂದ ಪಾದ ಜೋತುಬಿದ್ದವರ ಬೆರಳುಗಳು ನಡೆಯುವಾಗ ನೆಲಕ್ಕೆ ತಡವುತ್ತವೆ. ಮೀನಖಂಡದ ಹಿಂದಿನಿಂದ ಅಂಗಾಲಿನವರೆಗೆ ಬರುವ ಹಗುರವಾದ ಪ್ಲಾಸ್ಟಿಕ್ ಆಸರೆ ಆ ಪಾದವನ್ನು ಎತ್ತಿ ಹಿಡಿಯುತ್ತದೆ. ಹುಟ್ಟುವಾಗಲೇ ಪಾದ ಸೊಟ್ಟಗಿರುವ ಮಕ್ಕಳಿಗೆ ತಿದ್ದಿದ ಪಾದ ಮತ್ತೆ ತಿರುಗದಂತೆ ವಿಶೇಷ ಬೂಟುಗಳನ್ನು ತೊಡಿಸುತ್ತಾರೆ. ಕಬ್ಬಿಣದ ಸ್ಥಾನದಲ್ಲಿ ಅಲ್ಯೂಮಿನಿಯಂ, ಪ್ಲಾಸ್ಟಿಕ್ ಮೊದಲಾದುವು ಬಂದಿವೆ. ವಸ್ತು ಬದಲಾದರೂ ಆಸರೆಗಳ ಉದ್ದೇಶಗಳು ಅವೇ: ಭಾರವನ್ನು ಹೊರುವುದು, ಅಲುಗಬಾರದ ಕೀಲನ್ನು ನಿಲ್ಲಿಸುವುದು, ಸೋತ ಸ್ನಾಯುವಿಗೆ ಬದಲಾಗಿ ನಿಲ್ಲುವುದು, ಬೆಳೆಯುವ ಅಂಗವನ್ನು ಸರಿಯಾದ ದಾರಿಯಲ್ಲಿ ಇಡುವುದು.

ಥಾಮಸ್‌ನ ಎಲ್ಲ ವಿಚಾರಗಳೂ ಹಾಗೆಯೇ ಉಳಿದಿಲ್ಲ. ಕೀಲಿಗೆ ದೀರ್ಘವಾದ ವಿಶ್ರಾಂತಿಯೇ ಮದ್ದೆಂದು ಅವನು ನಂಬಿದ್ದನು. ಇಂದು ಕ್ಷಯಕ್ಕೆ ಔಷಧಗಳಿವೆ. ಮುರಿದ ತೊಡೆಮೂಳೆಯೊಳಗೆ ಲೋಹದ ಸರಳನ್ನು ಸೇರಿಸಿ ರೋಗಿಯನ್ನು ಬೇಗನೆ ನಡೆಸುತ್ತಾರೆ. ಅಗತ್ಯಕ್ಕಿಂತ ಹೆಚ್ಚು ಕಾಲ ಅಲುಗಿಸದೆ ಇಟ್ಟರೆ ಸ್ನಾಯು ಕರಗಿ ಕೀಲು ಬಿಗಿಯುವುದೆಂದು ವೈದ್ಯರು ಕಂಡುಕೊಂಡಿದ್ದಾರೆ. ಶಾಸ್ತ್ರವು ಮುಂದೆ ಸಾಗುವುದೇ ಹೀಗೆ. ಆದರೆ ಒಂದು ಮಾತಿನಲ್ಲಿ ಥಾಮಸ್‌ನ ಪಾಠ ಹಳತಾಗಿಲ್ಲ. ಆಸರೆಯು ತೊಡುವವನ ಅಳತೆಗೆ ಒಪ್ಪಬೇಕು. ಬಳೆ ಬಿಗಿಯಾದರೆ ಚರ್ಮ ಹುಣ್ಣಾಗುತ್ತದೆ. ಸಡಿಲವಾದರೆ ಭಾರವನ್ನು ಹೊರುವುದಿಲ್ಲ. ಮಗು ಬೆಳೆದಂತೆ ಆಸರೆಯೂ ಬೆಳೆಯಬೇಕು. ಆದುದರಿಂದ ಆಸರೆ ಮಾಡುವವನು ಲೋಹವನ್ನು ಅರಿತರೆ ಸಾಲದು, ಮನುಷ್ಯನನ್ನೂ ಅರಿಯಬೇಕು. ಒಮ್ಮೆ ತೊಡಿಸಿ ಕಳುಹಿಸಿದರೆ ಸಾಲದು, ಮತ್ತೆ ಮತ್ತೆ ನೋಡಿ ತಿದ್ದಬೇಕು. ಕಮ್ಮಾರನ ಪಕ್ಕದಲ್ಲಿ ನಿಂತು, ಒತ್ತುವ ಎಡೆಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದ ವೈದ್ಯನು ಇದನ್ನು ಚೆನ್ನಾಗಿ ಬಲ್ಲವನಾಗಿದ್ದನು.

ಕೈಕಸುಬನ್ನು ಕೀಳೆಂದೂ ಓದನ್ನು ಮೇಲೆಂದೂ ಎಣಿಸುವ ರೂಢಿ ಎಲ್ಲ ದೇಶಗಳಲ್ಲಿಯೂ ಇದೆ. ಹ್ಯೂ ಓವನ್ ಥಾಮಸ್‌ನು ಅವೆರಡನ್ನೂ ಒಂದೇ ಸೂರಿನ ಕೆಳಗೆ ತಂದನು. ಹಡಗು ಒಡೆದು ದಡ ಸೇರಿದ ಹೆಸರಿಲ್ಲದ ಹುಡುಗನಿಗೆ ಯಾರೋ ಆಸರೆ ಕೊಟ್ಟರು. ಅವನ ಮರಿಮಗನು ಲೋಕದ ಕುಂಟುವ ಕಾಲುಗಳಿಗೆ ಆಸರೆಯಾದನು. ಸಹಾಯವೆಂದರೆ ಇನ್ನೊಬ್ಬನನ್ನು ಸದಾ ಹೊತ್ತು ನಡೆಯುವುದಲ್ಲ; ಅವನು ತಾನೇ ನಡೆಯುವಂತೆ, ಬೇಕಾದ ಎಡೆಯಲ್ಲಿ, ಬೇಕಾದಷ್ಟು ಕಾಲ, ಬೇಕಾದಷ್ಟೇ ಭಾರವನ್ನು ಹೊತ್ತುಕೊಳ್ಳುವುದು.